ನಿಂಬೆ, ಕಿತ್ತಳೆ, ಚಕ್ಕೋತಗಳಿಂದ ಮದ್ಯರಹಿತ ಪಾನಕಗಳು

ಮಳೆಗಾಲವು ಬಲಗೊಂಡ ಮೇಲೆ ನಿಂಬೆಯ ತೋಟವುಳ್ಳವರಿಗೆ ಸಂತೋಷಕ್ಕಿಂತ ಚಿಂತೆಯೇ ಅಧಿಕವಾಗುವುದು ಸಾಮಾನ್ಯ. ಗಿಡದ ತುಂಬ ಫಲವು ತೂಗುತ್ತಿರುತ್ತದೆ. ಪೇಟೆಯಲ್ಲಿಯಾದರೋ ಕೇಳುವವರೇ ವಿರಳ. ಕೀಳುವ ಕೂಲಿಯೂ ಗಾಡಿಯ ಬಾಡಿಗೆಯೂ ಹುಟ್ಟದಿರುವ ದಿನಗಳಲ್ಲಿ ಹಣ್ಣು ಗಿಡದ ಬುಡದಲ್ಲಿಯೇ ಉದುರಿ ಕೊಳೆಯುವುದನ್ನು ನೋಡದವರಿಲ್ಲ. ಇದೇ ಹಣ್ಣನ್ನು ಮುಂದಿನ ಚೈತ್ರ ವೈಶಾಖಗಳಲ್ಲಿ ಬಿಡಿಬಿಡಿಯಾಗಿ ಎಣಿಸಿ ಕೊಳ್ಳಬೇಕಾಗುತ್ತದೆ. ಬಿಜಾಪುರದ ಸೀಮೆಯಲ್ಲಿ, ಅಂದರೆ ಈಗಿನ ವಿಜಯಪುರ ಜಿಲ್ಲೆಯ ಇಂಡಿ ಮತ್ತು ಸಿಂದಗಿಯ ಕಡೆಗಳಲ್ಲಿ, ಲಿಂಬೆಯೇ ಅನೇಕ ಕುಟುಂಬಗಳ ಜೀವನಾಧಾರವಾಗಿರುವುದರಿಂದ ಈ ಏರಿಳಿತದ ಪೆಟ್ಟು ಅಲ್ಲಿಯವರಿಗೆ ಚೆನ್ನಾಗಿ ಗೊತ್ತು. ಅಗ್ಗದ ಕಾಲದ ರಸವನ್ನು ತುಟ್ಟಿಯ ಕಾಲದವರೆಗೆ ಕೆಡದಂತೆ ಇಟ್ಟುಕೊಳ್ಳುವ ಉಪಾಯವು ಮನೆಯಲ್ಲಿಯೇ ಸಾಧ್ಯವಾಗಿರುವಾಗ ಅದನ್ನು ತಿಳಿಯದಿರುವುದು ನಷ್ಟಕ್ಕೆ ದಾರಿ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಗ್ರಾಮದ ಮುಖ್ಯಸ್ಥರ ಮನೆಗೆ ನಿತ್ಯವೂ ಜನ ಬರುವರು. ಮದುವೆ, ಜಾತ್ರೆ, ಕೊಯ್ಲು ಮುಗಿದ ದಿನ, ನ್ಯಾಯ ಪಂಚಾಯಿತಿ, ಇವುಗಳಲ್ಲಿ ಬಂದವರಿಗೆ ಬಾಯಾರಿಕೆಗೆ ಏನಾದರೂ ಕೊಡಲೇಬೇಕು. ಬೇಸಗೆಯಲ್ಲಿ ದಾರಿಹೋಕರಿಗಾಗಿ ಅರವಟ್ಟಿಗೆಯನ್ನಿಟ್ಟು ನೀರುಮಜ್ಜಿಗೆಯನ್ನೂ ಪಾನಕವನ್ನೂ ಹಂಚುವುದು ನಮ್ಮಲ್ಲಿ ಹಿರಿಯ ಧರ್ಮವೆಂದು ಎಣಿಸಲ್ಪಟ್ಟಿತ್ತು. ಈಚೆಗೆ ಈ ಸಂದರ್ಭಗಳಲ್ಲಿ ಒಂದು ಕಡೆ ಸೀಸೆಯ ಬಣ್ಣದ ನೀರೂ ಇನ್ನೊಂದು ಕಡೆ ಮದ್ಯವೂ ನುಸುಳಿರುವುದು ಎಲ್ಲರೂ ಬಲ್ಲ ವಿಷಯ. ಪಟ್ಟಣವನ್ನು ಕಂಡುಬಂದ ತರುಣರಿಗೆ, ಮದ್ಯದೊಡನೆ ಹಣ್ಣಿನ ರಸಗಳನ್ನು ಬೆರೆಸಿದ ಕಾಕ್‌ಟೇಲ್ ಎಂಬ ಪಾನವು ಗೌರವದ ಗುರುತಾಗಿ ತೋರುತ್ತದೆ. ಅವರಿಗೆ ಬುದ್ಧಿವಾದವನ್ನು ಹೇಳುವುದಕ್ಕಿಂತ, ಅದಕ್ಕೆ ಸರಿದೊರೆಯಾದ ಲೋಟವೊಂದನ್ನು ಕೈಗೆ ಕೊಡುವುದು ಹೆಚ್ಚು ಫಲಕಾರಿಯಾದೀತು. ಸಪ್ಪೆಯಾದ ಸಕ್ಕರೆನೀರನ್ನು ಕೊಟ್ಟು ಮದ್ಯವನ್ನು ಬಿಡಿರೆಂದರೆ ಯಾರೂ ಕೇಳರು.

ಮದ್ಯವಿಲ್ಲದೆ ನಿಂಬೆಯ ರಸವನ್ನು ಕಾಪಾಡುವ ಪ್ರಶ್ನೆಯು ಹೊಸದಲ್ಲ. ಹಿಂದೆ ದೂರಸಮುದ್ರಯಾನ ಮಾಡುತ್ತಿದ್ದ ನಾವಿಕರು ಸ್ಕರ್ವಿ ಎಂಬ ರೋಗದಿಂದ ವಸಡು ಬಾತು, ಹಲ್ಲು ಸಡಿಲವಾಗಿ, ಗುಂಪುಗುಂಪಾಗಿ ಸಾಯುತ್ತಿದ್ದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾಪಡೆಯ ವೈದ್ಯನು ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಒಂದೊಂದು ಜೊತೆಗೆ ಒಂದೊಂದು ಔಷಧವನ್ನು ಕೊಟ್ಟು ನೋಡಿದನು. ಕಿತ್ತಳೆ ಮತ್ತು ನಿಂಬೆಯನ್ನು ತಿಂದ ಇಬ್ಬರು ಒಂದು ವಾರದೊಳಗಾಗಿ ಚೇತರಿಸಿಕೊಂಡರು. 1795ರ ಮೇಲೆ ಆ ನೌಕಾಪಡೆಯಲ್ಲಿ ನಿಂಬೆಯ ರಸವನ್ನು ಹಂಚುವುದು ನಿಯಮವಾಯಿತು. ಆದರೆ ರಸವು ಹಡಗಿನಲ್ಲಿ ಕೆಡದಿರಲೆಂದು ಅದಕ್ಕೆ ರಮ್ ಮುಂತಾದ ಮದ್ಯವನ್ನು ಸೇರಿಸುತ್ತಿದ್ದರು. 1867ರಲ್ಲಿ ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ ಎಂಬ ವ್ಯಾಪಾರಿಯು ಮದ್ಯವನ್ನು ಸೇರಿಸದೆಯೇ ರಸವನ್ನು ಉಳಿಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದನು. ಸಕ್ಕರೆ ಸೇರಿಸಿದ ಅವನ ನಿಂಬೆಯ ಪಾನಕವು ದೇಶಾಂತರಗಳಿಗೆ ಹರಡಿತು. ರೋಗವನ್ನು ವಾಸಿಮಾಡಿದ ವಸ್ತುವು ಸಿ ಜೀವಸತ್ವವೆಂಬುದು ಸಿದ್ಧವಾದದ್ದು ಬಹಳ ತಡವಾಗಿ, 1932ರಲ್ಲಿ.

ಈ ಕಥೆಯಿಂದ ಗೃಹಕೃತ್ಯಕ್ಕೆ ಬೇಕಾದ ಒಂದು ಸಂಗತಿ ಹೊರಡುತ್ತದೆ. ರಸವನ್ನು ಹಿಂಡಿ ಹಾಗೆಯೇ ಇಟ್ಟರೆ ಅದು ತನ್ನಷ್ಟಕ್ಕೆ ತಾನು ಮದ್ಯದ ದಾರಿಯನ್ನು ಹಿಡಿಯುತ್ತದೆ. ಹಣ್ಣಿನ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಸದಾ ಇರುತ್ತವೆ. ಅವು ರಸದಲ್ಲಿ ಬೆಳೆದು ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲಾಮ್ಲ ವಾಯುವನ್ನಾಗಿಯೂ ಒಡೆಯುತ್ತವೆ. ಸೀಸೆಯ ಬಿರಡೆ ಹಾರುವುದೂ ನೊರೆ ಉಕ್ಕುವುದೂ ಈ ಕಾರಣದಿಂದಲೇ. ಆದುದರಿಂದ ಮದ್ಯರಹಿತ ಪಾನಕವೆಂದರೆ ಮದ್ಯವನ್ನು ಸೇರಿಸದಿರುವುದು ಮಾತ್ರವಲ್ಲ, ಮದ್ಯವು ಅದರಲ್ಲಿ ಹುಟ್ಟದಂತೆ ನೋಡಿಕೊಳ್ಳುವುದೂ ಆಗಿದೆ. ಅದಕ್ಕೆ ಮೂರು ಕಾವಲುಗಾರರಿದ್ದಾರೆ: ಹುಳಿ, ಸಕ್ಕರೆ, ಶುಚಿ. ನಿಂಬೆಯ ರಸದಲ್ಲಿ ನೂರಕ್ಕೆ ಸುಮಾರು ಆರೇಳು ಭಾಗ ಸಿಟ್ರಿಕ್ ಆಮ್ಲವಿರುವುದರಿಂದ ಮೊದಲನೆಯ ಕಾವಲು ಹುಟ್ಟಿನಿಂದಲೇ ಇದೆ. ಉಳಿದ ಎರಡನ್ನು ನಾವು ಒದಗಿಸಬೇಕು.

ಹಣ್ಣು ಪೂರ್ಣ ಬಲಿತು, ಹಸುರು ತಿರುಗಿ ಹಳದಿಗೆ ಬಂದಿರಬೇಕು. ನೆಲಕ್ಕೆ ಬಿದ್ದು ಒಡೆದುದನ್ನೂ ಬೂಷ್ಟು ಹಿಡಿದುದನ್ನೂ ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು. ಅಂತಹ ಒಂದು ಹಣ್ಣು ಒಂದು ಕೊಡ ರಸವನ್ನು ಕೆಡಿಸಬಲ್ಲದು. ಚೆನ್ನಾಗಿ ತೊಳೆದು, ಬಟ್ಟೆಯಿಂದ ಒರಸಿ, ಅಡ್ಡಲಾಗಿ ಕೊಯ್ದು ಹಿಂಡತಕ್ಕದ್ದು. ಕೊನೆಯ ತೊಟ್ಟಿನವರೆಗೂ ಹಿಂಡುವ ಲೋಭವನ್ನು ಬಿಡಬೇಕು. ಸಿಪ್ಪೆಯ ಒಳಗಣ ಬಿಳಿಯ ಭಾಗವೂ ಬೀಜವೂ ಜಜ್ಜಿಹೋದರೆ ಕಹಿ ಇಳಿಯುವುದು. ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಈ ಕೆಲಸಕ್ಕೆ ಮುಟ್ಟಲೇಬಾರದು. ಹುಳಿಯು ಲೋಹವನ್ನು ಕರಗಿಸಿ ವಿಷವನ್ನುಂಟುಮಾಡುತ್ತದೆ. ಪಿಂಗಾಣಿ, ಗಾಜು, ತುಕ್ಕುಹಿಡಿಯದ ಉಕ್ಕು, ಇವು ಯೋಗ್ಯವಾದುವು. ಸಾಧಾರಣ ಗಾತ್ರದ ಐವತ್ತರಿಂದ ಎಪ್ಪತ್ತು ನಿಂಬೆಯ ಹಣ್ಣುಗಳಿಂದ ಒಂದು ಲೀಟರು ರಸ ದೊರೆಯುವುದು.

ಇನ್ನು ಪಾಕ. 1 ಲೀಟರು ರಸಕ್ಕೆ 2 ಕಿಲೋಗ್ರಾಂ ಸಕ್ಕರೆಯನ್ನೂ 1 ಲೀಟರು ನೀರನ್ನೂ ತೆಗೆದುಕೊಳ್ಳಬೇಕು. ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಒಂದು ಕುದಿ ಬರಿಸಿ, ಒಂದು ಹಿಡಿ ರಸವನ್ನು ಬಿಟ್ಟರೆ ಕಶ್ಮಲವೆಲ್ಲ ಮೇಲೆ ತೇಲುವುದು. ಅದನ್ನು ತೆಗೆದು ಬಟ್ಟೆಯಲ್ಲಿ ಶೋಧಿಸಬೇಕು. ಪಾಕವು ಪೂರ್ಣವಾಗಿ ತಣ್ಣಗಾದ ಮೇಲೆಯೇ ಉಳಿದ ರಸವನ್ನು ಬೆರೆಸತಕ್ಕದ್ದು. ಅನೇಕರು ಅವಸರಪಟ್ಟು ರಸವನ್ನೂ ಕುದಿಸಿಬಿಡುವರು. ಹಾಗೆ ಮಾಡಿದಲ್ಲಿ ಪರಿಮಳವು ಹಾರಿಹೋಗಿ, ಜೀವಸತ್ವವು ಬಹುಪಾಲು ನಷ್ಟವಾಗಿ, ಬೇಯಿಸಿದ ಹಣ್ಣಿನ ವಾಸನೆ ಮಾತ್ರ ಉಳಿಯುವುದು.

ಈ ಪ್ರಮಾಣದಲ್ಲಿ ಸಕ್ಕರೆಯು ಸುಮಾರು ಅರ್ಧ ಭಾಗವಿರುತ್ತದೆ. ತಿಂಗಳೊಳಗೆ ಮುಗಿಯುವಂತಿದ್ದು, ಶೀತಲ ಪೆಟ್ಟಿಗೆಯಲ್ಲಿ ಇಡುವಂತಿದ್ದರೆ ಇದು ಸಾಕು. ಬೇಸಗೆಯವರೆಗೆ ಹೊರಗೆ ಇರಬೇಕಾದರೆ ಎರಡು ದಾರಿಗಳಿವೆ. ಒಂದು, ನೀರನ್ನೇ ಹಾಕದೆ 1 ಲೀಟರು ರಸದಲ್ಲಿ 2 ಕಿಲೋಗ್ರಾಂ ಸಕ್ಕರೆಯನ್ನು ಕರಗಿಸುವುದು. ಸಕ್ಕರೆ ಅಷ್ಟು ದಟ್ಟವಾದಾಗ ಯೀಸ್ಟಿಗೆ ಬದುಕಲು ಬೇಕಾದ ನೀರು ಸಿಕ್ಕುವುದಿಲ್ಲ. ಇದು ನಮ್ಮ ಹೆಂಗಸರು ಬಲ್ಲ ಹಳೆಯ ಶರಬತ್ತಿನ ಕ್ರಮವೇ ಆಗಿದೆ. ಬಿಸಿಲಿನಲ್ಲಿ ಎರಡು ಮೂರು ದಿನ ಬಾಯಿಗೆ ಬಟ್ಟೆ ಕಟ್ಟಿಟ್ಟು ಆಗಾಗ್ಗೆ ಕದಡಿದರೆ ಸಕ್ಕರೆ ಕರಗುವುದು. ಎರಡನೆಯದು, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ರಕ್ಷಕ ಪದಾರ್ಥವನ್ನು ಸೇರಿಸುವುದು. ಮೇಲೆ ಹೇಳಿದ ನಾಲ್ಕು ಕಿಲೋಗ್ರಾಮಿನಷ್ಟು ಪಾನಕಕ್ಕೆ 2 ಗ್ರಾಂ ಸಾಕು. ಇದನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಕೊನೆಯಲ್ಲಿ ಬೆರೆಸುವುದು. ಹುಳಿಯೊಡನೆ ಸೇರಿದಾಗ ಇದು ಗಂಧಕದ ವಾಯುವನ್ನು ಬಿಟ್ಟು ಯೀಸ್ಟನ್ನು ತಡೆಯುತ್ತದೆ. ಆಹಾರಕ್ಕೆಂದೇ ಮಾರುವ ಪುಡಿಯಾಗಿರಬೇಕು. ಚಮಚದ ಅಂದಾಜು ಕೂಡದು. ಸಣ್ಣ ತಕ್ಕಡಿ ಮನೆಯಲ್ಲಿಲ್ಲದಿದ್ದರೆ ಅಕ್ಕಸಾಲಿಗನ ಬಳಿ ತೂಗಿಸಿ ಪೊಟ್ಟಣ ಕಟ್ಟಿಸಿ ತರಬಹುದು. ಉಬ್ಬಸ ರೋಗವುಳ್ಳವರಲ್ಲಿ ಕೆಲವರಿಗೆ ಈ ಪದಾರ್ಥವು ಒಗ್ಗುವುದಿಲ್ಲವಾದುದರಿಂದ ಹಾಕಿದ ಸೀಸೆಗಳ ಮೇಲೆ ಹಾಗೆಂದು ಬರೆದಿಡುವುದು ಕರ್ತವ್ಯ. ಮನೆಯ ಮಟ್ಟಿನ ಬಳಕೆಗೆ ಮೊದಲನೆಯ ದಾರಿಯೇ ಮೇಲು. ಎರಡನೆಯದು ಸಕ್ಕರೆಯ ವೆಚ್ಚವನ್ನು ಉಳಿಸುವುದು.

ಸೀಸೆಗಳನ್ನು ಅರ್ಧ ಗಂಟೆ ನೀರಿನಲ್ಲಿ ಕುದಿಸಿ, ಬೋರಲಾಗಿಟ್ಟು ಒಣಗಿಸಿ, ಒಂದು ಅಂಗುಲ ಬರಿದು ಬಿಟ್ಟು ತುಂಬಿ, ಬಿರಡೆಯ ಮೇಲೆ ಮೇಣವನ್ನು ಬಳಿದು ಕತ್ತಲೆಯ ಕೋಣೆಯಲ್ಲಿ ಇಡುವುದು. ಬೆಳಕು ತಗಲಿದರೆ ಬಣ್ಣ ಕಂದುತ್ತದೆ. ತುಂಬಿದ ದಿನಾಂಕವನ್ನು ಅಂಟಿಸುವುದನ್ನು ಮರೆಯಬಾರದು.

ಲೆಕ್ಕವನ್ನು ಇಷ್ಟಪಡುವವರಿಗಾಗಿ ಒಂದು ಮಾತು. ನೀರು ಸೇರಿದ ಪಾಕದಿಂದ ಸುಮಾರು ಮೂರೂಕಾಲು ಲೀಟರು ಪಾನಕವಾಗುತ್ತದೆ. ಒಂದಕ್ಕೆ ನಾಲ್ಕರಂತೆ ನೀರು ಬೆರೆಸಿದರೆ ಹದಿನಾರು ಲೀಟರು, ಎಂದರೆ 200 ಮಿಲಿಲೀಟರಿನ ಎಂಬತ್ತು ಲೋಟ. ನಾನೂರು ಜನರ ಮದುವೆಗೆ ಮುನ್ನೂರು ಹಣ್ಣೂ ಹತ್ತು ಕಿಲೋಗ್ರಾಂ ಸಕ್ಕರೆಯೂ ಸಾಕು. ಮಳೆಗಾಲದ ಮುನ್ನೂರು ಹಣ್ಣಿನ ಬೆಲೆಯನ್ನೂ ವೈಶಾಖದ ಮುನ್ನೂರು ಹಣ್ಣಿನ ಬೆಲೆಯನ್ನೂ ಆಯಾ ಊರಿನವರು ತಾವೇ ಹೋಲಿಸಿ ನೋಡಬಹುದು.

ಕಿತ್ತಳೆಯ ವಿಷಯ ಬೇರೆ. ಕೊಡಗಿನ ಕಿತ್ತಳೆಯ ಹೆಸರು ನಾಡಿನಾಚೆಗೂ ಪ್ರಸಿದ್ಧವಾಗಿದ್ದರೂ ರೋಗಗಳ ಹಾವಳಿಯಿಂದ ಅಲ್ಲಿನ ತೋಟಗಳು ಬಹಳವಾಗಿ ಕ್ಷೀಣಿಸಿವೆ. ಇದ್ದ ಹಣ್ಣನ್ನು ಹಾಳುಮಾಡದಿರುವುದು ಆದಕಾರಣ ಇನ್ನೂ ಅವಶ್ಯಕ. ನಿಂಬೆಯಂತೆ ಇದರ ರಸವನ್ನೂ ಸೀಸೆಯಲ್ಲಿ ತುಂಬಿಟ್ಟವರು ಅನೇಕರು ಮರುದಿನ ಬಾಯಿಗಿಟ್ಟು ಮುಖ ಸಿಂಡರಿಸಿರುವರು. ಹಿಂಡಿದಾಗ ಜೇನಿನಂತಿದ್ದ ರಸವು ರಾತ್ರಿ ಕಳೆಯುವುದರೊಳಗಾಗಿ ಬೇವಾಗಿರುತ್ತದೆ. ಇದು ಯಾರ ಕೈಯ ದೋಷವೂ ಅಲ್ಲ. ಹಣ್ಣಿನ ಬೀಜದಲ್ಲಿಯೂ ತೊಳೆಯ ಬಿಳಿಯ ಪೊರೆಯಲ್ಲಿಯೂ ರುಚಿಯಿಲ್ಲದ ಒಂದು ವಸ್ತುವಿದೆ. ಹಿಂಡುವಾಗ ಅದು ರಸದ ಹುಳಿಯೊಡನೆ ಬೆರೆತು ಕೆಲವು ಗಂಟೆಗಳಲ್ಲಿ ಲಿಮೋನಿನ್ ಎಂಬ ಘೋರ ಕಹಿಯಾಗಿ ಮಾರ್ಪಡುತ್ತದೆ. ಕಾಯಿಸಿದರಂತೂ ಇನ್ನೂ ಬೇಗ. ಸಕ್ಕರೆಯನ್ನು ಎಷ್ಟು ಸುರಿದರೂ ಈ ಕಹಿ ಮುಚ್ಚುವುದಿಲ್ಲ. ಆದಕಾರಣ ಮನೆಯಲ್ಲಿ ಕಿತ್ತಳೆಯ ರಸವನ್ನು ಶೇಖರಿಸುವ ಆಸೆಯನ್ನು ಬಿಟ್ಟು, ತೊಳೆಯ ಪೊರೆಯನ್ನೂ ಬೀಜವನ್ನೂ ಬಿಡಿಸಿ, ಆಗಲೇ ಹಿಂಡಿ ಆಗಲೇ ಕುಡಿಯುವುದು ವಿವೇಕ.

ಶೇಖರಿಸಬಹುದಾದದ್ದು ಅದರ ಪರಿಮಳ. ಕಿತ್ತಳೆಯ ಸಿಪ್ಪೆಯ ಹೊರಪದರದಲ್ಲಿ ಸಣ್ಣ ಸಣ್ಣ ತೈಲದ ಚೀಲಗಳಿರುತ್ತವೆ. ಸಿಪ್ಪೆಯನ್ನು ದೀಪದ ಬಳಿ ಹಿಚುಕಿ ಕಿಡಿ ಹಾರಿಸುವ ಮಕ್ಕಳಿಗೆ ಇದು ಗೊತ್ತು. ಬಿಳಿಯ ಭಾಗ ಬಾರದಂತೆ ಹೊರಪದರವನ್ನು ತೆಳ್ಳಗೆ ಹೆರೆದು, ಎರಡರಷ್ಟು ಸಕ್ಕರೆಯೊಡನೆ ತಿಕ್ಕಿ, ಒಂದು ರಾತ್ರಿ ಮುಚ್ಚಿಟ್ಟರೆ ಸಕ್ಕರೆಯು ತೈಲವನ್ನು ಹೀರಿ ತೇವವಾಗುತ್ತದೆ. ಸಿಪ್ಪೆಯನ್ನು ತೆಗೆದು ಈ ಸಕ್ಕರೆಯನ್ನು ನಿಂಬೆಯ ಪಾಕದಲ್ಲಿ ಕರಗಿಸಿದರೆ ಬೇಸಗೆಯಲ್ಲಿಯೂ ಕಿತ್ತಳೆಯ ಕಂಪು ಸಿಕ್ಕುವುದು. ಔಷಧಿ ಸಿಂಪಡಿಸಿದ ಹಣ್ಣುಗಳ ಸಿಪ್ಪೆ ಇದಕ್ಕೆ ಬಾರದು. ಸ್ವಂತ ಗಿಡದ್ದೇ ಆಗಬೇಕು. ಹಳೆಯ ಮೈಸೂರಿನ ಹಿತ್ತಿಲುಗಳಲ್ಲಿ ಕಾಣುವ ಹೇರಳೆಯ ಸಿಪ್ಪೆಯನ್ನು ಹೀಗೆ ಬಳಸಿದವರು ಮತ್ತೊಂದನ್ನು ಹುಡುಕಲಾರರು.

ಈಗ ಬೆರಕೆಯ ಮಾತು. ಮದ್ಯವನ್ನು ತೆಗೆದ ಪಾನವು ಬರಿದೆನಿಸುವುದೇಕೆ? ಮದ್ಯವು ಗಂಟಲಿಗೆ ಒಂದು ಬಗೆಯ ಉರಿಯನ್ನು ಕೊಡುತ್ತದೆ, ಪರಿಮಳವನ್ನು ಮೂಗಿಗೆ ಒಯ್ಯುತ್ತದೆ, ಕುಡಿಯುವವನನ್ನು ಗುಟುಕು ಗುಟುಕಾಗಿ ನಿಧಾನಿಸುತ್ತದೆ. ಈ ಮೂರನ್ನೂ ಬೇರೆ ವಸ್ತುಗಳಿಂದ ಪಡೆಯಬಹುದು. ಉರಿಗೆ ಶುಂಠಿಯೂ ಮೆಣಸೂ ಇವೆ. ಪರಿಮಳಕ್ಕೆ ಸಿಪ್ಪೆಯ ತೈಲ, ಏಲಕ್ಕಿ, ಪುದೀನ. ನಿಧಾನಕ್ಕೆ ತುಸು ಕಹಿ ಅಥವಾ ಉಪ್ಪು. ರಾಮನವಮಿಯ ಪಾನಕದಲ್ಲಿ ಬೆಲ್ಲ, ಶುಂಠಿ, ಮೆಣಸು, ಏಲಕ್ಕಿಗಳನ್ನು ಕೂಡಿಸಿದ ಹಿರಿಯರು ಈ ತತ್ತ್ವವನ್ನು ಬಲ್ಲವರಾಗಿಯೇ ಇದ್ದರು. ಆ ದಿನ ಕೆಲವೆಡೆ ಬಳಸುವ ಬೇಲದ ಹಣ್ಣು ಸಹ ನಿಂಬೆಯ ಕುಟುಂಬಕ್ಕೇ ಸೇರಿದ್ದೆಂಬುದು ಅನೇಕರಿಗೆ ತಿಳಿಯದು.

ಎಲ್ಲಕ್ಕಿಂತ ಸುಲಭವಾದದ್ದು ಶುಂಠಿ ನಿಂಬೆ. ಹಸಿಶುಂಠಿಯನ್ನು ತುರಿದು ಹಿಂಡಿ, ಹತ್ತು ನಿಮಿಷ ಬಿಟ್ಟು, ತಳದಲ್ಲಿ ಕೂಡುವ ಬಿಳಿಯ ಗಷ್ಟನ್ನು ಉಳಿಸಿ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬೇಕು. ಲೋಟಕ್ಕೆ 40 ಮಿಲಿಲೀಟರು ನಿಂಬೆಯ ಪಾನಕ, ಅರ್ಧ ಚಮಚ ಶುಂಠಿಯ ತಿಳಿ, ಒಂದು ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ತಣಿದ ಸೋಡಾವನ್ನು ಲೋಟದ ಅಂಚಿನಿಂದ ಇಳಿಬಿಡುವುದು. ಸೋಡಾ ಬಿದ್ದ ಮೇಲೆ ಕಲಕಬಾರದು, ವಾಯುವು ಹೊರಟುಹೋಗುತ್ತದೆ. ಬಿಸಿಯಾದ ಸೋಡಾದಲ್ಲಿ ವಾಯುವು ನಿಲ್ಲುವುದೇ ಇಲ್ಲ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನು ಕಂಡುಹಿಡಿದ ಗೋಲಿಯ ಸೀಸೆಯು ತನ್ನ ದೇಶದಲ್ಲಿ ಮರೆಯಾಗಿ ನಮ್ಮ ಸಂತೆಗಳಲ್ಲಿ ಉಳಿದುಕೊಂಡದ್ದು ವಿನೋದವೇ ಸರಿ.

ಕಿತ್ತಳೆಯ ಕಾಲದಲ್ಲಿ 1 ಲೀಟರು ಹೊಸ ರಸಕ್ಕೆ ಅರ್ಧ ಲೋಟ ನಿಂಬೆಯ ಪಾನಕ, ಒಂದು ಚಮಚ ಶುಂಠಿಯ ತಿಳಿ, ನಾಲ್ಕೈದು ಮೆಣಸಿನ ಕಾಳಿನ ಹೊಸ ಪುಡಿಯನ್ನು ಬೆರೆಸಿ ಕೊಡಬಹುದು. ಕಿತ್ತಳೆಯಲ್ಲಿ ಸಿಹಿ ಹೆಚ್ಚಿ ಹುಳಿ ಕಡಮೆಯಿರುವುದರಿಂದ ನಿಂಬೆಯ ಆಸರೆಯಿಲ್ಲದೆ ಅದು ಮಂಕಾಗಿ ತೋರುತ್ತದೆ.

ಚಕ್ಕೋತದಲ್ಲಿ ದೇವನಹಳ್ಳಿಯದು ಹೆಸರಾದದ್ದು. ಇದರ ತೊಳೆಯ ಪೊರೆಯನ್ನು ಸಂಪೂರ್ಣವಾಗಿ ಸುಲಿದು, ಒಳಗಣ ಎಸಳುಗಳನ್ನು ಕೈಯಿಂದಲೇ ಬಿಡಿಸಿ, ಹುರಿದ ಜೀರಿಗೆಯ ಪುಡಿ, ಉಪ್ಪು, ಜಜ್ಜಿದ ಪುದೀನದ ಎಲೆ, ಸ್ವಲ್ಪ ಜೇನು ಸೇರಿಸಿ ತಣ್ಣೀರಿನಲ್ಲಿ ಕದಡಬೇಕು. ಅರೆಯುವ ಯಂತ್ರಕ್ಕೆ ಹಾಕಿದರೆ ಕಹಿಯಾಗುವುದು. ರಕ್ತದ ಒತ್ತಡಕ್ಕೆ ಅಥವಾ ಕೊಬ್ಬಿನಂಶಕ್ಕೆ ಔಷಧಿಯನ್ನು ಸೇವಿಸುತ್ತಿರುವ ಹಿರಿಯರಿಗೆ ಇದನ್ನು ಕೊಡುವ ಮುನ್ನ ವೈದ್ಯರನ್ನು ಕೇಳುವುದು ಅವಶ್ಯಕ; ಚಕ್ಕೋತದಲ್ಲಿರುವ ಕೆಲವು ಪದಾರ್ಥಗಳು ಅಂತಹ ಕೆಲವು ಔಷಧಿಗಳು ದೇಹದಲ್ಲಿ ಕರಗುವುದನ್ನು ತಡೆದು ಅವುಗಳ ಬಲವನ್ನು ಅಪಾಯಕ್ಕೆ ಏರಿಸಬಲ್ಲವು. ಮಧುಮೇಹವುಳ್ಳ ಅತಿಥಿಗಳಿಗೆ ಯಾವ ಪಾಕವೂ ಬೇಡ. ಅವರಿಗೆ ನಿಂಬೆ, ಉಪ್ಪು, ಜೀರಿಗೆಗಳ ನೀರನ್ನೇ ಅಷ್ಟೇ ಚೆಂದದ ಲೋಟದಲ್ಲಿ ಕೊಟ್ಟರೆ ಅವರಿಗೂ ಮನಸ್ಸಿಗೆ ಹಿತ.

ಬೆಲ್ಲವನ್ನು ಬಳಸುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ತಿಳಿಮಾಡಲು ಸುಣ್ಣವನ್ನು ಹಾಕುವುದುಂಟು. ಅಂತಹ ಬೆಲ್ಲವು ಹುಳಿಯ ಒಂದಂಶವನ್ನು ನುಂಗಿಬಿಡುವುದರಿಂದ ಸಕ್ಕರೆಯ ಲೆಕ್ಕದಲ್ಲಿ ನಿಂಬೆಯನ್ನು ಹಿಂಡಿದರೆ ಪಾನಕವು ಸಪ್ಪೆಯಾಗುತ್ತದೆ. 1 ಲೀಟರು ನೀರಿಗೆ 125 ಗ್ರಾಂ ಬೆಲ್ಲವನ್ನು ಕರಗಿಸಿ ಶೋಧಿಸಿ, ಎರಡು ನಿಂಬೆಯನ್ನಾಗಲಿ ಅರ್ಧ ಹೇರಳೆಯನ್ನಾಗಲಿ ಹಿಂಡಿ, ರುಚಿ ನೋಡಿದ ಮೇಲೆ ಬೇಕಾದರೆ ಇನ್ನಷ್ಟು ಹಿಂಡುವುದು.

ಸಮಾರಂಭಗಳಲ್ಲಿ ಅಪಾಯವು ಹಣ್ಣಿನಿಂದಲ್ಲ, ನೀರಿನಿಂದ ಬರುತ್ತದೆ. ಕುದಿಸಿ ಆರಿಸಿದ ನೀರನ್ನೇ ಬೆರೆಸಬೇಕು. ಪೇಟೆಯಿಂದ ಬರುವ ದೊಡ್ಡ ಮಂಜುಗಡ್ಡೆಯು ಕುಡಿಯುವ ನೀರಿನಿಂದ ಮಾಡಿದ್ದೆಂಬ ಖಾತ್ರಿಯಿಲ್ಲದಿದ್ದರೆ ಅದನ್ನು ಪಾನಕದೊಳಗೆ ಹಾಕದೆ, ಪಾತ್ರೆಯ ಹೊರಗೆ ಸುತ್ತಲೂ ಇಟ್ಟು ತಣಿಸಬಹುದು. ಹಿಂದಿನ ರಾತ್ರಿ ಹೊಸ ಮಡಕೆಗಳಲ್ಲಿ ತುಂಬಿಟ್ಟ ನೀರು ಮಂಜುಗಡ್ಡೆಯ ಹಂಗಿಲ್ಲದೆಯೇ ತಣ್ಣಗಿರುತ್ತದೆ. ಪಾನಕವನ್ನು ಮಾತ್ರ ಮಡಕೆಯಲ್ಲಿ ಬೆರೆಸದೆ ಹಂಚುವ ಹೊತ್ತಿಗೆ ಉಕ್ಕಿನ ಪಾತ್ರೆಯಲ್ಲಿ ಬೆರೆಸತಕ್ಕದ್ದು.

ಹೆಚ್ಚಾಗಿ ತಯಾರಿಸಿ ಮಾರಬೇಕೆಂಬವರು 2006ರ ಆಹಾರ ಸುರಕ್ಷತಾ ಕಾನೂನಿನಂತೆ ಮೊದಲು ನೋಂದಣಿಯನ್ನು ಪಡೆಯಬೇಕು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಹಣ್ಣಿನ ರಸಗಳನ್ನು ಕಾಪಾಡುವ ವಿಷಯದಲ್ಲಿ ಬಹಳ ಕೆಲಸ ಮಾಡಿರುವುದರಿಂದ, ದೊಡ್ಡ ಮಟ್ಟದಲ್ಲಿ ಕೈಹಾಕುವವರು ಅಲ್ಲಿಯ ಸಲಹೆಯನ್ನು ಕೇಳುವುದು ಲೇಸು.

ಹಿಂಡಿ ಉಳಿದ ಹೋಳುಗಳನ್ನು ತಿಪ್ಪೆಗೆ ಎಸೆಯಬೇಕಾಗಿಲ್ಲ. ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಉಪ್ಪಿನಕಾಯಿಗಾಗುತ್ತವೆ. ತೀರ ಮಿಕ್ಕವು ಹಿತ್ತಾಳೆಯ ಪಾತ್ರೆಗಳನ್ನು ಬೆಳಗಲು ಬರುತ್ತವೆ. ನಿಂಬೆಯ ಬೀಜಗಳಲ್ಲಿ ತಾಯಿಗಿಡದ ಗುಣವನ್ನೇ ಹೊತ್ತ ಸಸಿಗಳು ಬಹುಪಾಲು ಹುಟ್ಟುವುದರಿಂದ, ಒಳ್ಳೆಯ ಗಿಡದ ಹಣ್ಣಾಗಿದ್ದರೆ ಅವುಗಳನ್ನು ಆರಿಸಿ, ತೊಳೆದು, ನೆರಳಿನಲ್ಲಿ ನೀರಾರಿಸಿ ಕೂಡಲೇ ಮಡಿಯಲ್ಲಿ ಬಿತ್ತತಕ್ಕದ್ದು. ಪೂರ್ಣ ಒಣಗಲು ಬಿಟ್ಟ ಬೀಜವು ಸರಿಯಾಗಿ ಮೊಳೆಯುವುದಿಲ್ಲ.